ಎಳೆಯರನ್ನು ಸಕ್ರಿಯ ಜಾಗತಿಕ ಪೌರತ್ವಕ್ಕೆ ಅಣಿಗೊಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಕರೊಂದಿಗಿನ ಮಾತುಕತೆಗಳಲ್ಲಿ, ಪೋಷಕರ ಸಭೆಗಳಲ್ಲಿ, ಕಾಲೇಜು ವಿದ್ಯಾರ್ಥಿಗಳ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಕೇಳಿದವರ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಆರಂಭಿಸಬಹುದು. ಮೊದಲ ತಿಳಿವಳಿಕೆ ಬೇಕಾದವರಿಗೆ ಆರಂಭದ ಭಾಗ, ಈಗಾಗಲೇ ಕೆಲಸಕ್ಕೆ ಇಳಿದವರಿಗೆ ಕೊನೆಯ ಭಾಗ ಹೆಚ್ಚು ಉಪಯುಕ್ತವಾದೀತು.

## ಮೊದಲ ತಿಳಿವಳಿಕೆ

ಜಾಗತಿಕ ಪೌರತ್ವ ಅಂದರೆ ಏನು? ಪಾಸ್‌ಪೋರ್ಟ್ ಕೊಡುವುದಕ್ಕೆ ಜಾಗತಿಕ ಸರ್ಕಾರ ಅನ್ನುವುದೇ ಇಲ್ಲವಲ್ಲ?

ಕಾನೂನಿನ ಅರ್ಥದಲ್ಲಿ ಅಂಥ ಪೌರತ್ವ ಇಲ್ಲ. ನಾವು ಭಾರತದ ಪೌರರು, ಹಕ್ಕು ಮತ್ತು ಕರ್ತವ್ಯಗಳೆರಡೂ ನಮಗೆ ಇಲ್ಲಿನ ಸಂವಿಧಾನದಿಂದ ಬಂದಿವೆ. ಆದರೆ ನಮ್ಮ ಬದುಕನ್ನು ನಿರ್ಧರಿಸುವ ಎಷ್ಟೋ ಸಂಗತಿಗಳು ದೇಶದ ಗಡಿಯೊಳಗೆ ತೀರ್ಮಾನವಾಗುವುದಿಲ್ಲ. ಕೊಡಗಿನ ರೋಬಸ್ಟಾ ಕಾಫಿಯ ದರ ಲಂಡನ್ನಿನ ಮಾರುಕಟ್ಟೆಯನ್ನು, ಚಿಕ್ಕಮಗಳೂರಿನ ಅರೇಬಿಕಾದ ದರ ನ್ಯೂಯಾರ್ಕಿನ ಮಾರುಕಟ್ಟೆಯನ್ನು ನೋಡಿಕೊಂಡು ಏರಿಳಿಯುತ್ತದೆ. ಎರಡು ಸಾವಿರದ ದಶಕದಲ್ಲಿ ಬಳ್ಳಾರಿಯ ಅದಿರಿಗೆ ಚಿನ್ನದ ಬೆಲೆ ಬಂದದ್ದು ಚೀನಾದ ಬೇಡಿಕೆಯಿಂದ. ಆ ಭರಾಟೆಯಲ್ಲಿ ಬೆಟ್ಟಗಳು ಎಷ್ಟು ಹಾಳಾದವೆಂದರೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಈ ಕೊಂಡಿಗಳನ್ನು ಗುರುತಿಸುವ ತಿಳಿವು, ಕೊಂಡಿಯ ಇನ್ನೊಂದು ತುದಿಯಲ್ಲಿರುವವರ ಬಗ್ಗೆ ಕಾಳಜಿ, ತನ್ನ ಕೈಗೆಟಕುವ ಜಾಗದಲ್ಲಿ ಏನಾದರೂ ಮಾಡುವ ಅಭ್ಯಾಸ ಈ ಮೂರೂ ಸೇರಿದ್ದನ್ನು ಜಾಗತಿಕ ಪೌರತ್ವ ಎನ್ನುತ್ತಾರೆ. ಯುನೆಸ್ಕೊ ಕೂಡ ಈ ಕಲಿಕೆಯನ್ನು ಅರಿವು, ಭಾವನೆ ಮತ್ತು ಒಡನಾಟ, ನಡವಳಿಕೆ ಎಂದು ಮೂರು ಬಗೆಯಾಗಿ ನೋಡುತ್ತದೆ. ನಮ್ಮ ಶಾಲೆಗಳಲ್ಲಿ ಮೊದಲನೆಯದು ಅಷ್ಟಿಷ್ಟು ನಡೆಯುತ್ತದೆ, ಎರಡನೆಯದು ಭಾಷಣವಾಗುತ್ತದೆ, ಮೂರನೆಯದು ಬಿಟ್ಟೇಹೋಗುತ್ತದೆ. ಸಕ್ರಿಯ ಎಂಬ ಮಾತು ಆ ಮೂರನೆಯದಕ್ಕೆ ಸೇರಿದ್ದು.

ಇದು ಎಲ್ಲಿಂದ ಬಂತು? ಯಾರು ಶುರು ಮಾಡಿದರು?

ಒಬ್ಬರ ಹೆಸರು ಹೇಳುವುದು ಕಷ್ಟ. 1974ರಲ್ಲಿಯೇ ಯುನೆಸ್ಕೊ ಸದಸ್ಯ ರಾಷ್ಟ್ರಗಳು ಅಂತರರಾಷ್ಟ್ರೀಯ ತಿಳಿವಳಿಕೆ, ಶಾಂತಿ ಮತ್ತು ಮಾನವ ಹಕ್ಕುಗಳ ಶಿಕ್ಷಣ ಕುರಿತು ಒಂದು ಶಿಫಾರಸನ್ನು ಒಪ್ಪಿಕೊಂಡಿದ್ದವು. ಅದು 2023ರಲ್ಲಿ ಪರಿಷ್ಕೃತವಾಯಿತು. 2012ರಲ್ಲಿ ಅಂದಿನ ವಿಶ್ವಸಂಸ್ಥೆಯ ಮಹಾಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಅವರು ಶಿಕ್ಷಣಕ್ಕಾಗಿ ಆರಂಭಿಸಿದ ಅಭಿಯಾನದ ಮೂರು ಆದ್ಯತೆಗಳಲ್ಲಿ ಜಾಗತಿಕ ಪೌರತ್ವವೂ ಒಂದಾಗಿತ್ತು. 2015ರಲ್ಲಿ ಒಪ್ಪಿಗೆಯಾದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7ನೆಯ ಉಪಗುರಿ ಇದನ್ನು ಹೆಸರಿಸಿಯೇ ಹೇಳುತ್ತದೆ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಉನ್ನತ ಶಿಕ್ಷಣದ ಭಾಗದಲ್ಲಿ ಇದರ ಪ್ರಸ್ತಾಪವಿದೆ.

ಕುವೆಂಪು ಅವರ ವಿಶ್ವಮಾನವ ಸಂದೇಶ ನಮ್ಮಲ್ಲಿ ಆಗಲೇ ಇದೆ. ಹೊಸದಾಗಿ ಕಲಿಸುವುದಕ್ಕೆ ಏನಿದೆ?

ತತ್ವ ನಮ್ಮದೇ ಆಗಿದೆ, ಅದು ದೊಡ್ಡ ಬಲ. ಆದರೆ ಡಿಸೆಂಬರ್ 29ರಂದು ವಿಶ್ವಮಾನವ ದಿನ ಆಚರಿಸಿ, ಭಾವಚಿತ್ರಕ್ಕೆ ಹಾರ ಹಾಕಿ, ಗೀತೆ ಹಾಡಿ ಮುಗಿಸುವ ಶಾಲೆಯಲ್ಲಿ ಅದೇ ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಮಕ್ಕಳು ಜಾತಿ ನೋಡಿ ಕೂರುತ್ತಿದ್ದರೆ ಆ ದಿನ ಏನನ್ನೂ ಕಲಿಸಿದಂತಾಗಲಿಲ್ಲ. ಹುಟ್ಟುವ ಪ್ರತಿ ಮಗುವೂ ವಿಶ್ವಮಾನವ, ಅದನ್ನು ಕಟ್ಟಿಹಾಕುವವರು ನಾವು ಎಂಬ ಆ ವಿಚಾರದಲ್ಲಿಯೇ ಶಾಲೆಗೆ ಒಂದು ಕೆಲಸ ಅಡಗಿದೆ: ಕಟ್ಟುಗಳು ಯಾವುವು, ತನ್ನ ತರಗತಿಯಲ್ಲಿ ಅವು ಎಲ್ಲಿ ಬಿಗಿದಿವೆ ಎಂದು ಮಕ್ಕಳೇ ಹುಡುಕುವಂತೆ ಮಾಡುವುದು.

ಜಗತ್ತು ಜಗತ್ತು ಅಂತ ಹೇಳಿಕೊಟ್ಟರೆ ಮಕ್ಕಳಿಗೆ ದೇಶಾಭಿಮಾನ ಕಡಿಮೆ ಆಗುವುದಿಲ್ಲವೇ?

ನಮ್ಮ ಸಂವಿಧಾನ ಹಾಗೆ ಭಾವಿಸಿಲ್ಲ. 51ನೆಯ ವಿಧಿಯು ಅಂತರರಾಷ್ಟ್ರೀಯ ಶಾಂತಿಯನ್ನು ಬೆಳೆಸುವುದನ್ನು, ರಾಷ್ಟ್ರಗಳ ನಡುವೆ ನ್ಯಾಯದ, ಗೌರವದ ಸಂಬಂಧ ಕಾಪಾಡುವುದನ್ನು ಪ್ರಭುತ್ವದ ಹೊಣೆಯಾಗಿ ಹೇಳುತ್ತದೆ. 1976ರಲ್ಲಿ ಸೇರಿದ 51ಎ ವಿಧಿಯು ರಾಷ್ಟ್ರಧ್ವಜಕ್ಕೆ, ರಾಷ್ಟ್ರಗೀತೆಗೆ ಗೌರವ ತೋರುವುದನ್ನು ಹೇಳುವ ಪಟ್ಟಿಯಲ್ಲಿಯೇ ಭ್ರಾತೃತ್ವ, ಜೀವಿಗಳ ಮೇಲಿನ ಅನುಕಂಪ, ವೈಜ್ಞಾನಿಕ ಮನೋಭಾವಗಳನ್ನೂ ಸೇರಿಸಿದೆ. ದೇಶವನ್ನು ಪ್ರೀತಿಸುವ ಹುಡುಗಿಯೊಬ್ಬಳು ತನ್ನ ದೇಶ ನೆರೆಯವರೊಂದಿಗೆ ನ್ಯಾಯವಾಗಿ ನಡೆದುಕೊಳ್ಳಲಿ ಎಂದು ಬಯಸಿದರೆ ಅವಳ ಪ್ರೀತಿ ಹೆಚ್ಚು ಗಟ್ಟಿಯಾಗಿದೆ ಎಂದೇ ನಾನು ತಿಳಿಯುತ್ತೇನೆ.

ಇದೆಲ್ಲಾ ಇಂಟರ್‌ನ್ಯಾಷನಲ್ ಸ್ಕೂಲ್ ಮಕ್ಕಳಿಗೆ ಸರಿ. ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೆ ಆಗುತ್ತದೆಯೇ?

ಈ ಪ್ರಶ್ನೆಗೆ 1996ರಲ್ಲಿ ಕುಂದಾಪುರದಲ್ಲಿಯೇ ಉತ್ತರ ಸಿಕ್ಕಿದೆ. ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆ ನಡೆದದ್ದು ಅಲ್ಲಿ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳಿಂದ ಬಂದ ಮಕ್ಕಳ ಪ್ರತಿನಿಧಿಗಳು ಸೇರಿ ಹತ್ತು ಅಂಶಗಳ ಘೋಷಣೆಯನ್ನು ಹೊರಡಿಸಿದರು. ತಮಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ತಮ್ಮನ್ನು ಕೇಳಬೇಕು, ತಮ್ಮ ಬದುಕಿಗೆ ಹೊಂದುವ ಶಿಕ್ಷಣ ಬೇಕು ಎಂಬವು ಅದರಲ್ಲಿದ್ದವು. ಅದರ ಹಿಂದೆ ಬೆಂಗಳೂರಿನ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯೂ ಅದರ ಜೊತೆ ಬೆಳೆದ ದುಡಿಯುವ ಮಕ್ಕಳದೇ ಸಂಘಟನೆಯಾದ ಭೀಮ ಸಂಘವೂ ಇದ್ದವು. ಹೋಟೆಲುಗಳಲ್ಲಿ, ಹೊಲಗಳಲ್ಲಿ, ಮನೆಗೆಲಸದಲ್ಲಿ ದುಡಿಯುತ್ತಿದ್ದ ಕನ್ನಡದ ಮಕ್ಕಳು ಬೇರೆ ಬೇರೆ ಖಂಡಗಳ ತಮ್ಮ ಓರಗೆಯವರೊಡನೆ ಒಂದೇ ಮೇಜಿನಲ್ಲಿ ಕುಳಿತು ತಮ್ಮ ಬೇಡಿಕೆಗಳನ್ನು ಬರೆದರು. ಇಂಗ್ಲಿಷ್ ಗೊತ್ತಿರಬೇಕು, ವಿಮಾನ ಹತ್ತಿರಬೇಕು ಎಂಬ ಷರತ್ತುಗಳನ್ನು ಹಾಕುತ್ತಿರುವವರು ನಾವು. ಮಗುವಿಗೆ ತನ್ನ ಬದುಕಿನ ಅನುಭವ ಗೊತ್ತಿದೆ, ಅದನ್ನು ಕೇಳಿಸಿಕೊಳ್ಳುವ ಜಾಗವೊಂದು ಬೇಕು.

ನಮ್ಮ ಮಕ್ಕಳು ಅಮೆರಿಕದಲ್ಲೇ ಹುಟ್ಟಿ ಬೆಳೆದವರು. ಅವರು ತಾನಾಗೇ ವಿಶ್ವಪ್ರಜೆಗಳಲ್ಲವೇ?

ಎರಡು ದೇಶಗಳ ಪರಿಚಯ ಒಂದು ಅನುಕೂಲ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಮಗುವಿಗೆ ತನ್ನ ಶಾಲಾ ಮಂಡಳಿಯ ಸಭೆ ಎಲ್ಲಿ ನಡೆಯುತ್ತದೆಂದು ಗೊತ್ತಿಲ್ಲದೆ, ಪಕ್ಕದ ಹೊಲಗಳಲ್ಲಿ ಹಣ್ಣು ಬಿಡಿಸುವ ಮೆಕ್ಸಿಕನ್ ಕಾರ್ಮಿಕರ ಮಕ್ಕಳೊಡನೆ ಮಾತೇ ಇಲ್ಲದೆ ಇದ್ದರೆ ಎರಡು ದೇಶಗಳ ನಂಟು ವ್ಯರ್ಥವಾದಂತೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಅಮೆರಿಕ 1995ರಲ್ಲಿ ಸಹಿ ಹಾಕಿದರೂ ಇನ್ನೂ ಅನುಮೋದಿಸಿಲ್ಲ, ಭಾರತ 1992ರಲ್ಲಿಯೇ ಒಪ್ಪಿಕೊಂಡಿದೆ. ಎರಡೂ ಕಡೆ ಮಕ್ಕಳ ಸ್ಥಿತಿ ಹೇಗಿದೆ ಎಂದು ಹೋಲಿಸಿ ನೋಡುವುದು ಹೊರನಾಡಿನ ಕನ್ನಡ ಶಾಲೆಗಳಿಗೆ ಒಳ್ಳೆಯ ಚಟುವಟಿಕೆ. ರಜೆಗೆ ಊರಿಗೆ ಬಂದಾಗ, ಮಕ್ಕಳು ತಮ್ಮ ಬೇಡಿಕೆಗಳನ್ನು ಪಂಚಾಯಿತಿಯ ಮುಂದಿಡುವ ಒಂದು ಮಕ್ಕಳ ಗ್ರಾಮಸಭೆಯಲ್ಲಿ ಕೂತು ಬಂದರೆ ಆ ಹೋಲಿಕೆಗೆ ಜೀವ ಬರುತ್ತದೆ.

## ತರಗತಿಯೊಳಗೆ

ಸಿಲಬಸ್ ಮುಗಿಸುವುದೇ ಕಷ್ಟ. ಇದಕ್ಕೆ ಬೇರೆ ಪೀರಿಯಡ್ ಎಲ್ಲಿಂದ ತರೋಣ?

ಬೇರೆ ಪೀರಿಯಡ್ ಬೇಡ. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಜಾಗತಿಕ ಸಮಸ್ಯೆಗಳ ಪಾಠವೂ ಇದೆ, ಅಂತರರಾಷ್ಟ್ರೀಯ ಸಂಸ್ಥೆಗಳ ಪಾಠವೂ ಇದೆ. ಅವನ್ನು ಊರಿನ ಒಂದು ವಸ್ತುವಿನಿಂದ ಆರಂಭಿಸಿದರೆ ಸಾಕು.

ನಾನು ಹೆಚ್ಚಾಗಿ ಸೂಚಿಸುವ ವಸ್ತು ಮಿಡಿಸೌತೆ, ಅಂದರೆ ಗರ್ಕಿನ್. ತೊಂಬತ್ತರ ದಶಕದ ಆರಂಭದಿಂದ ಕರ್ನಾಟಕದಲ್ಲಿ ಬೆಳೆಯುತ್ತಿರುವ ಈ ಬೆಳೆ ತುಮಕೂರು, ಹಾಸನ, ಹಾವೇರಿಯಂಥ ಜಿಲ್ಲೆಗಳ ಎಷ್ಟೋ ಮಕ್ಕಳಿಗೆ ಮನೆಯ ಹೊಲದಲ್ಲಿಯೇ ಪರಿಚಿತ. ಕಂಪನಿಯವರು ಬೀಜ, ಗೊಬ್ಬರ, ಔಷಧಿ ಕೊಟ್ಟು ಒಪ್ಪಂದದ ಮೇಲೆ ಬೆಳೆಸುತ್ತಾರೆ. ಬಿತ್ತಿದ ಸುಮಾರು ಒಂದು ತಿಂಗಳಿಗೆ ಕೊಯ್ಲು ಶುರುವಾಗುತ್ತದೆ, ಆಮೇಲೆ ದಿನ ಬಿಡದೆ ಬಿಡಿಸಬೇಕು. ಕಾಯಿ ಸಣ್ಣದಿದ್ದಷ್ಟೂ ದರ ಹೆಚ್ಚು. ಒಂದು ದಿನ ತಡವಾದರೂ ದಪ್ಪಗಾಗಿ ಕೆಳಗಿನ ಗ್ರೇಡಿಗೆ ಇಳಿಯುತ್ತದೆ. ಬೆಳೆದವರ ಮನೆಯಲ್ಲಿ ಇದನ್ನು ಯಾರೂ ಸಾಂಬಾರಿಗೆ ಹಾಕುವುದಿಲ್ಲ. ಉಪ್ಪುನೀರಿನಲ್ಲೋ ವಿನೆಗರಿನಲ್ಲೋ ಡ್ರಮ್ಮುಗಳನ್ನು ಸೇರಿ ಅದು ಯುರೋಪಿಗೆ, ಅಮೆರಿಕಕ್ಕೆ, ರಷ್ಯಾಕ್ಕೆ ಹೋಗುತ್ತದೆ.

ಈಗ ತರಗತಿಯ ಮುಂದೆ ನಾಲ್ಕು ಕಾಯಿಗಳನ್ನು ಗಾತ್ರದ ಪ್ರಕಾರ ಜೋಡಿಸಿಟ್ಟು ಪ್ರಶ್ನೆ ಕೇಳಬೇಕು. ಈ ಗಾತ್ರವೇ ಬೇಕು ಎಂದು ತೀರ್ಮಾನಿಸಿದವರು ಯಾರು? ಕಾಯಿಯಲ್ಲಿ ಕೀಟನಾಶಕ ಎಷ್ಟು ಉಳಿಯಬಹುದೆಂದು ಯಾವ ದೇಶದ ಕಾನೂನು ಹೇಳುತ್ತದೆ, ಆ ಔಷಧಿಯನ್ನು ಹೊಡೆಯುವ ಕೈಗಳಿಗೆ ಅಂಥದೇ ಕಾನೂನಿನ ರಕ್ಷಣೆ ಇದೆಯೇ? ಕೊಯ್ಲಿನ ದಿನಗಳಲ್ಲಿ ನಮ್ಮ ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ಗೈರು ಬೀಳುತ್ತದೆ? ನಮ್ಮ ಬೋರ್‌ವೆಲ್ಲಿನ ನೀರು ಕಾಯಿಯೊಳಗೆ ಸೇರಿ ಹಡಗು ಹತ್ತಿದರೆ ಆ ನೀರಿನ ಬೆಲೆಯನ್ನು ಯಾರು ಕೊಟ್ಟರು? ಹಾಗೆಯೇ, ಈ ಬೆಳೆ ಬಂದ ಮೇಲೆ ಕೆಲವರ ಮನೆಗೆ ಕೈಗೆ ಕಾಸು ಬಂದದ್ದು ಹೇಗೆ? ಕೊನೆಯ ಪ್ರಶ್ನೆಯನ್ನು ಬಿಡಬಾರದು. ವ್ಯಾಪಾರವೆಂದರೆ ಬರೀ ಶೋಷಣೆ ಎಂಬ ಸಿದ್ಧ ಉತ್ತರ ಮಕ್ಕಳನ್ನು ಯೋಚನೆಯಿಂದ ತಪ್ಪಿಸುತ್ತದೆ. ಅರ್ಥಶಾಸ್ತ್ರ, ಭೂಗೋಳ, ವಿಜ್ಞಾನ, ಪೌರನೀತಿ ನಾಲ್ಕೂ ಈ ಒಂದು ಕಾಯಿಯ ಸುತ್ತ ಬರುತ್ತವೆ. ಮಿಡಿಸೌತೆ ಬೆಳೆಯದ ಊರಿನವರು ಕಾಫಿಯನ್ನೋ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಮ್ಮ ಹೊಲಿಯುವ ಅಂಗಿಯನ್ನೋ ತೆಗೆದುಕೊಳ್ಳಬಹುದು.

ಎಷ್ಟನೇ ಕ್ಲಾಸಿನಿಂದ ಶುರು ಮಾಡಬೇಕು?

ನ್ಯಾಯ ಅನ್ಯಾಯಗಳ ಗ್ರಹಿಕೆ ನಲಿಕಲಿ ವಯಸ್ಸಿನಲ್ಲಿಯೇ, ಅಂದರೆ ಮೊದಲ ಮೂರು ತರಗತಿಗಳಲ್ಲಿಯೇ ಇರುತ್ತದೆ. ಆಟದಲ್ಲಿ ಸರದಿ ತಪ್ಪಿದರೆ ಮಗು ಜಗಳಕ್ಕೆ ನಿಲ್ಲುತ್ತದೆ. ಐದನೆಯ ತರಗತಿಯವರೆಗೆ ಊರಿನ ಮಟ್ಟದ ಸಂಗತಿಗಳು ಸಾಕು. ದೂರದ ಯುದ್ಧ, ಬರಗಾಲಗಳ ಚಿತ್ರಗಳನ್ನು ಎಳೆಯ ಮಕ್ಕಳ ಮುಂದೆ ತಂದು ಸುರಿದರೆ ಹುಟ್ಟುವುದು ಭಯ. ಕೊಂಡಿಗಳನ್ನು ಬೆನ್ನತ್ತುವ ಕೆಲಸ ಏಳನೆಯ ತರಗತಿಯ ಹೊತ್ತಿಗೆ ಚೆನ್ನಾಗಿ ಸಾಗುತ್ತದೆ.

ನಮ್ಮೂರಿಗೆ ಹೊರದೇಶದವರು ಬರುವುದೇ ಇಲ್ಲ. ಮಕ್ಕಳಿಗೆ ಬೇರೆ ಸಂಸ್ಕೃತಿಯ ಪರಿಚಯ ಹೇಗೆ ಮಾಡಿಸುವುದು?

ಪಿರಿಯಾಪಟ್ಟಣದ ಕಡೆಯ ಶಾಲೆಗಳಿಗೆ ಬೈಲಕುಪ್ಪೆ ಕೂಗಳತೆಯಲ್ಲಿದೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಜಮೀನಿನಲ್ಲಿ ನೆಲೆ ನಿಂತ ಟಿಬೆಟನ್ನರ ಮೂರನೆಯ ತಲೆಮಾರು ಅಲ್ಲಿ ಬೆಳೆಯುತ್ತಿದೆ. ಗೋಲ್ಡನ್ ಟೆಂಪಲ್ ನೋಡಿ ಫೋಟೊ ತೆಗೆದುಕೊಂಡು ಬರುವ ಶಾಲಾ ಪ್ರವಾಸವನ್ನು ಬದಲಿಸಿ, ಅಲ್ಲಿನ ಶಾಲೆಯ ಮಕ್ಕಳೊಡನೆ ಅರ್ಧ ದಿನ ಕಳೆಯುವಂತೆ ಮಾಡಿದರೆ ನಿರಾಶ್ರಿತ ಎಂಬ ಪದಕ್ಕೆ ಮುಖ ಸಿಗುತ್ತದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯವಿದೆ. ಆಫ್ರಿಕಾ ಮೂಲದ ಇವರು ತಲೆತಲಾಂತರದಿಂದ ಇಲ್ಲಿಯವರೇ ಆದರೂ ನೀವು ಯಾವ ದೇಶದವರು ಎಂಬ ಪ್ರಶ್ನೆಯನ್ನು ತಮ್ಮ ರಾಜ್ಯದಲ್ಲಿಯೇ ಎದುರಿಸುತ್ತಾರೆ. ಬೇರೆಡೆ, ನಿಮ್ಮ ತರಗತಿಯಲ್ಲಿಯೇ ಕಟ್ಟಡ ಕಾರ್ಮಿಕರ, ಕಾಫಿ ತೋಟದ ಕಾರ್ಮಿಕರ ಮಕ್ಕಳಿರಬಹುದು. ಅಸ್ಸಾಮಿನಿಂದ ಬಂದ ಹುಡುಗ ಕನ್ನಡ ಬರದೆ ಹಿಂದಿನ ಬೆಂಚಿನಲ್ಲಿ ತೆಪ್ಪಗೆ ಕೂತಿದ್ದರೆ, ಅವನಿಗೆ ನಮ್ಮ ಮಾತು ಕಲಿಸಿ, ಅವನಿಂದ ನಾಲ್ಕು ಮಾತು ಕಲಿಯುವುದರಿಂದಲೇ ಆರಂಭ.

ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ಮಕ್ಕಳು ನಂಬುತ್ತಾರೆ. ಇದೂ ಈ ಶಿಕ್ಷಣದ ಭಾಗವೇ?

ಹೌದು, ಇದರಲ್ಲಿ ಪ್ರಾಣದ ಪ್ರಶ್ನೆ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಕಡೆಯಿಂದ ಬಂದಿದ್ದ ಯುವಕರ ತಂಡದವರು ದಾರಿಯಲ್ಲಿ ಸಿಕ್ಕ ಶಾಲಾ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅವರಲ್ಲಿ ಒಬ್ಬರು ಕತಾರಿನಿಂದ ಬಂದವರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಆ ದಿನಗಳಲ್ಲಿ ಫೋನಿನಿಂದ ಫೋನಿಗೆ ಹರಿದಾಡುತ್ತಿತ್ತು. ಮುರ್ಕಿ ಗ್ರಾಮದ ಬಳಿ ಅವರ ಕಾರನ್ನು ತಡೆದು ಗುಂಪು ಹಲ್ಲೆ ಮಾಡಿತು. ಒಬ್ಬ ಯುವ ಎಂಜಿನಿಯರ್ ಸತ್ತರು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಿತು.

ಪ್ರೌಢಶಾಲೆಯ ಮಕ್ಕಳೊಡನೆ ಈ ಘಟನೆಯನ್ನು ನೇರವಾಗಿ ಚರ್ಚಿಸಬೇಕು. ಸಂದೇಶವೊಂದು ಬಂದಾಗ ಇದನ್ನು ಮೊದಲು ಬರೆದವರು ಯಾರು, ಯಾವ ದಿನದ್ದು, ಎಲ್ಲಿಯದು, ಬೇರೆ ಯಾರು ಇದನ್ನು ಖಚಿತಪಡಿಸಿದ್ದಾರೆ ಎಂದು ಕೇಳುವ ಅಭ್ಯಾಸ ಆಗಬೇಕು. ಅದಕ್ಕಿಂತ ಕಷ್ಟದ ಇನ್ನೊಂದು ಪ್ರಶ್ನೆ ಇದೆ: ಇದನ್ನು ನಂಬಲು ನನಗೆ ಇಷ್ಟು ಸುಲಭವಾದದ್ದೇಕೆ? ಅಪರಿಚಿತರ ಬಗ್ಗೆ ಮನಸ್ಸಿನಲ್ಲಿ ಮೊದಲೇ ಇದ್ದ ಅನುಮಾನವನ್ನು ಮಗು ತಾನೇ ಕಂಡುಕೊಂಡರೆ ಅದು ಎಲ್ಲ ಪಾಠಗಳಿಗಿಂತ ದೊಡ್ಡದು.

ಇದಕ್ಕೆ ಅಂಕ ಕೊಡುವುದು ಹೇಗೆ? ಅಂಕ ಇಲ್ಲದಿದ್ದರೆ ಮಕ್ಕಳೂ ಓದುವುದಿಲ್ಲ, ಪೋಷಕರೂ ಕೇಳುವುದಿಲ್ಲ.

ಅಳೆಯುವ ಪ್ರಯತ್ನ ನಡೆದಿದೆ. ಹಲವು ದೇಶಗಳ ವಿದ್ಯಾರ್ಥಿಗಳ ಕಲಿಕೆಯನ್ನು ಹೋಲಿಸುವ ಪಿಸಾ ಸಮೀಕ್ಷೆಯ 2018ರ ಸುತ್ತಿನಲ್ಲಿ ಹದಿನೈದು ವರ್ಷದವರ ಜಾಗತಿಕ ಸಾಮರ್ಥ್ಯವನ್ನು ಪರೀಕ್ಷಿಸಿದರು. ಭಾರತ ಅದರಲ್ಲಿ ಭಾಗವಹಿಸಿರಲಿಲ್ಲ, ಇನ್ನೂ ಅನೇಕ ದೇಶಗಳು ಆ ಭಾಗವನ್ನು ಬಿಟ್ಟವು. ಒಳ್ಳೆಯ ಉತ್ತರ ಯಾವುದೆಂದು ಊಹಿಸಿ ಬರೆಯುವುದು ಇಲ್ಲಿ ತೀರಾ ಸುಲಭ, ಹಾಗಾಗಿ ಮೌಲ್ಯಗಳಿಗೆ ಅಂಕ ಕೊಡಲು ನಾನು ಹೇಳುವುದಿಲ್ಲ. ಕೆಲಸಕ್ಕೆ ಕೊಡಬಹುದು: ಮಾಹಿತಿಯನ್ನು ಎಷ್ಟು ಜನರಿಂದ, ಹೇಗೆ ಸಂಗ್ರಹಿಸಿದರು, ತಮಗೆ ಒಪ್ಪಿಗೆಯಿಲ್ಲದ ವಾದವನ್ನು ನ್ಯಾಯವಾಗಿ ಬರೆದರೇ, ಮನವಿಪತ್ರ ಸ್ಪಷ್ಟವಾಗಿದೆಯೇ. ಇವು ಯೋಜನಾ ಕಾರ್ಯದ ಆಂತರಿಕ ಅಂಕಗಳಿಗೆ ಸರಿಯಾಗಿ ಹೊಂದುತ್ತವೆ.

## ಕ್ರಿಯೆಗೆ ಇಳಿದಾಗ

ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಕಾಂಪೌಂಡ್ ಕೇಳುತ್ತಾರೆ. ಅದಕ್ಕೂ ಜಾಗತಿಕ ಪೌರತ್ವಕ್ಕೂ ಏನು ಸಂಬಂಧ?

1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯ ಪ್ರಕಾರ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ, ಅದಕ್ಕೆ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಬೆಲೆ ಸಿಗಬೇಕು. ಜಿನೀವಾ, ನ್ಯೂಯಾರ್ಕ್‌ಗಳಲ್ಲಿ ಬರೆದ ಆ ಸಾಲು ನಮ್ಮ ಮಗುವಿನ ಕೈಗೆ ತಲುಪುವ ಕೊನೆಯ ಮೆಟ್ಟಿಲು ಗ್ರಾಮ ಪಂಚಾಯಿತಿ ಕಚೇರಿ. ಅಂಥ ಮೆಟ್ಟಿಲನ್ನು ಬೇರೆ ರಾಜ್ಯಗಳಿಗಿಂತ ಮೊದಲೇ ಕಟ್ಟಿಕೊಂಡ ಹೆಗ್ಗಳಿಕೆ ಕರ್ನಾಟಕದ್ದು. ಕುಂದಾಪುರದ ಕಡೆ ತೊಂಬತ್ತರ ದಶಕದಲ್ಲಿ ಆರಂಭವಾದ ಮಕ್ಕಳ ಪಂಚಾಯಿತಿಗಳ ಅನುಭವದಿಂದಲೇ ಮುಂದೆ ಮಕ್ಕಳ ಗ್ರಾಮಸಭೆ ರಾಜ್ಯದಾದ್ಯಂತ ಸರ್ಕಾರದ ಆದೇಶವಾಗಿ ಬಂತು.

ಕಾಲುಸಂಕವನ್ನೇ ತೆಗೆದುಕೊಳ್ಳೋಣ. ಕರಾವಳಿ, ಮಲೆನಾಡಿನಲ್ಲಿ ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರವನ್ನೋ ಬೇರೆ ದಿಮ್ಮಿಯನ್ನೋ ಹಾಕಿ ಮಾಡಿದ ಆ ದಾರಿಯ ಮೇಲೆ ಮಳೆಗಾಲದಲ್ಲಿ ಬ್ಯಾಗು ಹೊತ್ತ ಮಕ್ಕಳು ದಾಟುತ್ತಾರೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಪ್ರತಿ ದಿನ ಆ ದಿಮ್ಮಿ ದಾಟುವವರಿಗೆ ಅದು ಎಲ್ಲಿ ಪಾಚಿಗಟ್ಟಿದೆ, ನೀರು ಎಷ್ಟು ಏರಿದಾಗ ಮುಳುಗುತ್ತದೆ, ಯಾವ ತರಗತಿಯ ಮಕ್ಕಳು ಎಷ್ಟು ದಿನ ಶಾಲೆ ತಪ್ಪಿಸುತ್ತಾರೆ ಎಂಬುದು ಎಂಜಿನಿಯರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ನಕ್ಷೆಯಾಗಿ, ಲೆಕ್ಕವಾಗಿ ಸಭೆಯ ಮುಂದಿಡುವ ಮಗು ಆಮೇಲೆ ಇನ್ನೊಂದು ಪ್ರಶ್ನೆಗೂ ಸಿದ್ಧವಾಗುತ್ತದೆ: ಮಳೆಯ ಸ್ವಭಾವವೇ ಬದಲಾಗುತ್ತಿದೆಯಲ್ಲ, ಇಂಥ ಹಳ್ಳಗಳನ್ನು ದಾಟುವ ಮಕ್ಕಳು ಇನ್ನೂ ಎಲ್ಲೆಲ್ಲಿದ್ದಾರೆ? ಈ ಕ್ರಮದಲ್ಲಿ ಹೋದಾಗ ಹವಾಮಾನ ಬದಲಾವಣೆ ಎಂಬ ದೊಡ್ಡ ಮಾತು ತನ್ನದೆನಿಸುತ್ತದೆ.

ಮಕ್ಕಳ ಗ್ರಾಮಸಭೆ ಪ್ರತಿ ವರ್ಷ ನಡೆಯುತ್ತದೆ, ಅದೇ ಬೇಡಿಕೆ, ಅದೇ ಭರವಸೆ. ಮಕ್ಕಳಿಗೆ ಬೇಸರ ಬಂದಿದೆ. ಏನು ಮಾಡೋಣ?

ಎಲ್ಲ ಪ್ರಶ್ನೆಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಇದು. ಕೇಳಿಸಿಕೊಂಡಂತೆ ನಟಿಸಿ ಮರೆತುಬಿಡುವ ದೊಡ್ಡವರು ಮಕ್ಕಳಿಗೆ ಪ್ರಜಾಪ್ರಭುತ್ವದ ಬಗ್ಗೆ ಅಪನಂಬಿಕೆಯನ್ನೇ ಕಲಿಸುತ್ತಾರೆ. ಸಭೆ ನಡೆಸದಿರುವುದಕ್ಕಿಂತ ಅದು ಕೆಟ್ಟದ್ದು.

ತಪ್ಪು ಸಾಮಾನ್ಯವಾಗಿ ಸಭೆಗೆ ಮೊದಲೇ ಆಗಿರುತ್ತದೆ. ಮುಖ್ಯಶಿಕ್ಷಕರು ಚುರುಕಾದ ನಾಲ್ವರನ್ನು ಆರಿಸಿ ಬಾಯಿಪಾಠ ಮಾಡಿಸಿ ಕಳಿಸುತ್ತಾರೆ, ಬೇಡಿಕೆಗಳ ಪಟ್ಟಿ ಉದ್ದವಾಗಿ ತೂಕ ಕಳೆದುಕೊಳ್ಳುತ್ತದೆ. ಅದರ ಬದಲು ಸಭೆಗೆ ಎರಡು ವಾರ ಮುಂಚೆ ಹುಡುಗಿಯರನ್ನು, ಹುಡುಗರನ್ನು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಬೇಕು. ಮುಟ್ಟಿನ ದಿನಗಳಲ್ಲಿ ಶಾಲೆ ತಪ್ಪುವ ವಿಷಯ, ಬಸ್‌ಸ್ಟಾಪಿನಲ್ಲಿ ಕಾಡುವವರ ವಿಷಯ ಒಟ್ಟಿಗೆ ಕೂತಾಗ ಬರುವುದಿಲ್ಲ. ಶಾಲೆ ಬಿಟ್ಟ ಮಕ್ಕಳನ್ನೂ ಅಂಗವೈಕಲ್ಯವಿರುವ ಮಕ್ಕಳನ್ನೂ ಹುಡುಕಿ ಕರೆತರಬೇಕು. ಪಟ್ಟಿಯನ್ನು ಮೂರಕ್ಕೆ ಇಳಿಸಿ, ಮೊದಲನೆಯದು ಪಂಚಾಯಿತಿ ಹಣದಲ್ಲಿಯೇ ಆಗುವಂಥದ್ದು, ಎರಡನೆಯದು ತಾಲ್ಲೂಕಿಗೆ ಹೋಗಬೇಕಾದದ್ದು, ಮೂರನೆಯದು ಹಣವೇ ಬೇಡದ್ದು ಎಂದು ವಿಂಗಡಿಸಬೇಕು.

ಸಭೆಯ ದಿನ ಚರ್ಚೆಯಾದದ್ದು ನಡಾವಳಿ ಪುಸ್ತಕದಲ್ಲಿ ಬರೆದಿದೆಯೇ ಎಂದು ಮಕ್ಕಳೇ ಓದಿ ನೋಡಬೇಕು. ಮನವಿಯನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಪಂಚಾಯಿತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ತಿಂಗಳು ಕಳೆದ ಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಲಿಖಿತ ಹಿಂಬರಹ ಕೇಳಬೇಕು. ಆಗುವುದಿಲ್ಲ ಎಂಬ ಉತ್ತರವೂ ಕಾರಣ ಸಹಿತ ಬಂದರೆ ಅದು ಗೌರವದ ಉತ್ತರ, ಮುಂದಿನ ಕಚೇರಿ ಯಾವುದೆಂದು ಅದರಿಂದ ತಿಳಿಯುತ್ತದೆ. ಮುಂದಿನ ವರ್ಷದ ಸಭೆ ಹಿಂದಿನ ವರ್ಷದ ಅನುಪಾಲನಾ ವರದಿ (ಯಾವ ಬೇಡಿಕೆ ಏನಾಯಿತು ಎಂಬ ಲೆಕ್ಕ) ಓದುವುದರಿಂದಲೇ ಶುರುವಾಗಬೇಕೆಂದು ಮಕ್ಕಳು ಪಟ್ಟು ಹಿಡಿಯಲಿ. ಪಂಚಾಯಿತಿ ಅಧ್ಯಕ್ಷರಲ್ಲಿ, ಸದಸ್ಯರಲ್ಲಿ ನನ್ನ ಕಳಕಳಿಯ ಕೋರಿಕೆ ಇಷ್ಟೇ: ಮೂರರಲ್ಲಿ ಒಂದನ್ನಾದರೂ ಅದೇ ವರ್ಷ ಮಾಡಿ ತೋರಿಸಿ.

ನಾವು ಬೆಂಗಳೂರಿನಲ್ಲಿದ್ದೇವೆ. ಇಲ್ಲಿ ಮಕ್ಕಳು ಎಲ್ಲಿ ಹೋಗಿ ಕೇಳಬೇಕು?

ನಗರಗಳಲ್ಲಿ ಮಕ್ಕಳ ಮಾತಿಗೆ ಹಳ್ಳಿಗಳಷ್ಟು ಗಟ್ಟಿಯಾದ ವೇದಿಕೆ ನೆಲೆಯೂರಿಲ್ಲ, ಇದು ನಿಜವಾದ ಕೊರತೆ. ಆದರೂ ವಾರ್ಡ್ ಕಚೇರಿಗೆ, ಬಿಎಂಟಿಸಿಗೆ, ಜಲಮಂಡಳಿಗೆ ಮಕ್ಕಳು ಬರೆಯಬಹುದು. ಅಪಾರ್ಟ್‌ಮೆಂಟಿನ ಮಕ್ಕಳಿಗೆ ನಾನು ಹೇಳುವ ಮೊದಲ ಕೆಲಸವೆಂದರೆ, ತಮ್ಮ ಮನೆಯ ಹಳೆಯ ಫೋನು, ಚಾರ್ಜರು ಕೊನೆಗೆ ಯಾರ ಕೈ ಸೇರುತ್ತವೆ ಎಂದು ಹಿಂಬಾಲಿಸುವುದು. ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಒಂದು ಬೆಳಿಗ್ಗೆ ಕಳೆದರೆ ಅದರ ಅರ್ಧ ಉತ್ತರ ಸಿಗುತ್ತದೆ.

ನನಗೆ ಈಗ 18. ಡಿಗ್ರಿ ಓದುತ್ತಿದ್ದೇನೆ. ನಾನು ನಿಜವಾಗಿ ಏನು ಮಾಡಬಹುದು?

ಮೊದಲು ಮತದಾರರ ಪಟ್ಟಿ. 17 ತುಂಬಿದವರೂ ಮುಂಗಡವಾಗಿ ಅರ್ಜಿ ಹಾಕಬಹುದು, ವರ್ಷದಲ್ಲಿ ನಾಲ್ಕು ಅರ್ಹತಾ ದಿನಾಂಕಗಳಿವೆ. ಪಟ್ಟಿಯಲ್ಲಿ ಹೆಸರು ಬಂದ ದಿನದಿಂದ ನೀವು ನಿಮ್ಮೂರ ಗ್ರಾಮಸಭೆಯ ಸದಸ್ಯರು, ಯಾರೂ ನಿಮ್ಮನ್ನು ನೇಮಿಸಬೇಕಿಲ್ಲ. ಕಾನೂನಿನ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಎರಡನೆಯದು ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಹತ್ತು ರೂಪಾಯಿ ಶುಲ್ಕದೊಂದಿಗೆ ಒಂದೇ ವಿಷಯದ ಬಗ್ಗೆ 150 ಪದಗಳೊಳಗೆ ಅರ್ಜಿ ಬರೆದರೆ 30 ದಿನಗಳಲ್ಲಿ ಉತ್ತರ ಬರಬೇಕು. ಕೆರೆಗೆ ಕಾರ್ಖಾನೆಯ ನೀರು ಬಿಡುವುದರಿಂದ ಹಿಡಿದು ಹಾಸ್ಟೆಲ್ಲಿನ ಊಟದ ಟೆಂಡರಿನವರೆಗೆ ಇದು ನಡೆಯುತ್ತದೆ. ಇಪ್ಪತ್ತೊಂದಕ್ಕೆ ನೀವು ಪಂಚಾಯಿತಿ ಚುನಾವಣೆಗೆ ನಿಲ್ಲಬಹುದು. ಎನ್‌ಎಸ್‌ಎಸ್ ಶಿಬಿರದಲ್ಲಿ ಏಳು ದಿನ ಊರು ಗುಡಿಸಿ ಬರುವ ಬದಲು ಆ ಊರಿನ ಒಂದು ಪ್ರಶ್ನೆಯನ್ನು ವರ್ಷವಿಡೀ ಹಿಂಬಾಲಿಸುವಂತೆ ನಿಮ್ಮ ಕಾರ್ಯಕ್ರಮಾಧಿಕಾರಿಗಳನ್ನು ಒಪ್ಪಿಸಿ.

## ಕಠಿಣ ಪ್ರಶ್ನೆಗಳು

ಮಕ್ಕಳಿಂದ ದುಡಿಸಿ ಮಾಡಿದ ವಸ್ತುಗಳನ್ನು ಬಹಿಷ್ಕರಿಸಲು ವಿದ್ಯಾರ್ಥಿಗಳಿಗೆ ಹೇಳಬಹುದೇ?

ಹೇಳುವ ಮೊದಲು ಬಾಂಗ್ಲಾದೇಶದ ಕಥೆಯನ್ನು ಅವರಿಗೆ ಓದಲು ಕೊಡಿ. 1992ರಲ್ಲಿ ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್ ಅವರು ಮಕ್ಕಳ ದುಡಿಮೆಯಿಂದ ತಯಾರಾದ ವಸ್ತುಗಳ ಆಮದನ್ನು ತಡೆಯುವ ಮಸೂದೆಯನ್ನು ತಂದರು. ಅದು ಕಾಯ್ದೆಯಾಗುವ ಮೊದಲೇ, ಕೇವಲ ಭಯಕ್ಕೆ, ಬಾಂಗ್ಲಾದೇಶದ ಗಾರ್ಮೆಂಟ್ಸ್ ಕಾರ್ಖಾನೆಗಳು ಮಕ್ಕಳನ್ನು ಹೊರಗೆ ಹಾಕಿದವು. ಯುನಿಸೆಫ್ ಅಂದಾಜಿನಂತೆ ಅವರ ಸಂಖ್ಯೆ ಸುಮಾರು 50,000. ಅವರಲ್ಲಿ ಅನೇಕರು ಹೋದದ್ದು ಶಾಲೆಗಲ್ಲ, ಕಲ್ಲು ಒಡೆಯುವುದಕ್ಕೆ, ಬೀದಿ ವ್ಯಾಪಾರಕ್ಕೆ, ಅದಕ್ಕಿಂತ ಅಪಾಯದ ಕಸುಬುಗಳಿಗೆ. 1995ರಲ್ಲಿ ಕಾರ್ಖಾನೆ ಮಾಲೀಕರ ಸಂಘ, ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ಮಕ್ಕಳನ್ನು ಶಾಲೆಗೆ ಸೇರಿಸುವ ಒಪ್ಪಂದಕ್ಕೆ ಬಂದ ಮೇಲೆ ಸ್ವಲ್ಪ ಸರಿಹೋಯಿತು. ಮರುವರ್ಷ ಕುಂದಾಪುರದಲ್ಲಿ ಸೇರಿದ ಮಕ್ಕಳ ಘೋಷಣೆಯಲ್ಲಿ, ಮಕ್ಕಳು ತಯಾರಿಸಿದ ವಸ್ತುಗಳ ಬಹಿಷ್ಕಾರವನ್ನು ನಾವು ವಿರೋಧಿಸುತ್ತೇವೆ ಎಂಬುದು ಎರಡನೆಯ ಅಂಶವಾಗಿತ್ತು.

ಮಕ್ಕಳ ದುಡಿಮೆ ಸರಿ ಎಂದು ಇದರಿಂದ ತೀರ್ಮಾನಿಸಬಾರದು. ನಮ್ಮಲ್ಲಿ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ, ಮನೆಯವರ ಕಸುಬಿಗೆ ನೆರವಾಗುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, 14ರ ಒಳಗಿನವರನ್ನು ಕೆಲಸಕ್ಕಿಡುವುದನ್ನು ನಿಷೇಧಿಸಿದೆ, ಅದು ಜಾರಿಯಾಗಬೇಕು. ಆದರೆ ದೂರದಲ್ಲಿ ಕುಳಿತವರ ಸಿಟ್ಟು, ಎಷ್ಟೇ ಪ್ರಾಮಾಣಿಕವಾಗಿದ್ದರೂ, ಯಾರಿಗಾಗಿ ಸಿಟ್ಟಾದರೋ ಅವರನ್ನೇ ಕೇಳದೆ ಕ್ರಿಯೆಗೆ ಇಳಿದರೆ ಹೀಗೆ ಆಗುತ್ತದೆ. ಬಹಿಷ್ಕಾರದ ಬಗ್ಗೆ ಚರ್ಚಿಸುವ ವಿದ್ಯಾರ್ಥಿಗಳು ಮೊದಲು ಆ ಕಾರ್ಮಿಕರ ಸಂಘಟನೆಗಳು ಏನು ಕೇಳುತ್ತಿವೆ ಎಂದು ತಿಳಿದುಕೊಳ್ಳಲಿ.

ಶಾಲೆಯಿಂದ ಹಣ ಸಂಗ್ರಹಿಸಿ ಬಡ ದೇಶಗಳಿಗೆ ಕಳಿಸುವುದು ಒಳ್ಳೆಯದಲ್ಲವೇ?

ಭೂಕಂಪ, ನೆರೆ ಬಂದಾಗ ನೆರವು ಬೇಕೇ ಬೇಕು. ಆದರೆ ಕೊಡುವವರು ನಾವು, ಪಡೆಯುವವರು ಅವರು ಎಂಬ ಚಿತ್ರವಷ್ಟೇ ಮಕ್ಕಳಲ್ಲಿ ಉಳಿದರೆ ನಷ್ಟ. ಬ್ರೆಜಿಲ್ ಮೂಲದ ಶಿಕ್ಷಣತಜ್ಞೆ ವನೆಸ್ಸಾ ಆಂಡ್ರಿಯೊಟ್ಟಿ 2006ರಲ್ಲಿ ಜಾಗತಿಕ ಪೌರತ್ವ ಶಿಕ್ಷಣವನ್ನು ಮೃದು ಮತ್ತು ವಿಮರ್ಶಾತ್ಮಕ ಎಂದು ಎರಡಾಗಿ ವಿಂಗಡಿಸಿದರು. ಮೊದಲನೆಯದು ಕರುಣೆಯಿಂದ ಸಹಾಯ ಮಾಡುತ್ತದೆ, ಎರಡನೆಯದು ಈ ಅಸಮಾನತೆ ಹೇಗೆ ಹುಟ್ಟಿತು, ಅದರಲ್ಲಿ ನನ್ನ ಪಾಲೆಷ್ಟು ಎಂದೂ ಕೇಳುತ್ತದೆ. ಒಮ್ಮೆ ವಸಾಹತಾಗಿದ್ದ ದೇಶದ ಮಕ್ಕಳಿಗೆ ಎರಡನೆಯ ಪ್ರಶ್ನೆ ಕೇಳುವುದು ಸಹಜವಾಗಿ ಬರಬೇಕು.

ಮಕ್ಕಳು ನೇರವಾಗಿ ವಿಶ್ವಸಂಸ್ಥೆಗೆ ದೂರು ಕೊಡಬಹುದಂತೆ, ನಿಜವೇ?

ಮಕ್ಕಳ ಹಕ್ಕುಗಳ ಒಡಂಬಡಿಕೆಯ ಮೂರನೆಯ ಐಚ್ಛಿಕ ಪ್ರೋಟೋಕಾಲನ್ನು, ಅಂದರೆ ಅದಕ್ಕೆ ಸೇರಿಸಿದ ಪೂರಕ ಒಪ್ಪಂದವನ್ನು, ಅನುಮೋದಿಸಿದ ದೇಶಗಳ ವಿರುದ್ಧ ಮಾತ್ರ ಕೊಡಬಹುದು. ಭಾರತ ಅದನ್ನು ಅನುಮೋದಿಸಿಲ್ಲ. 2019ರಲ್ಲಿ ಸ್ವೀಡನ್ನಿನ ಗ್ರೆಟಾ ಥನ್‌ಬರ್ಗ್, ಹರಿದ್ವಾರದ ರಿಧಿಮಾ ಪಾಂಡೆ ಸೇರಿ 16 ಮಕ್ಕಳು ಅರ್ಜೆಂಟೀನಾ, ಬ್ರೆಜಿಲ್, ಫ್ರಾನ್ಸ್, ಜರ್ಮನಿ, ಟರ್ಕಿಗಳ ವಿರುದ್ಧ ಹವಾಮಾನದ ವಿಷಯದಲ್ಲಿ ದೂರು ಸಲ್ಲಿಸಿದರು. 2021ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು, ಒಂದು ದೇಶದ ಹೊಗೆಯಿಂದ ಗಡಿಯಾಚೆಯ ಮಕ್ಕಳಿಗೆ ಆಗುವ ಹಾನಿಗೂ ಆ ದೇಶ ಹೊಣೆಯಾಗಬಲ್ಲದು ಎಂದು ಒಪ್ಪಿತು. ಆದರೆ ಆಯಾ ದೇಶದ ನ್ಯಾಯಾಲಯಗಳಿಗೆ ಮೊದಲು ಹೋಗಿಲ್ಲವೆಂಬ ಕಾರಣಕ್ಕೆ ದೂರನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಎರಡೂ ಭಾಗಗಳನ್ನು ವಿದ್ಯಾರ್ಥಿಗಳು ಒಟ್ಟಿಗೆ ಓದಬೇಕು. ಹೊಣೆಗಾರಿಕೆ ಗಡಿ ದಾಟುತ್ತದೆ, ದಾರಿ ಮಾತ್ರ ಹತ್ತಿರದ ಬಾಗಿಲಿನಿಂದಲೇ ಹೊರಡುತ್ತದೆ.

ಕಾವೇರಿಯಂಥ ವಿಷಯವನ್ನು ತರಗತಿಯಲ್ಲಿ ತರಬಹುದೇ? ಪೋಷಕರು ಜಗಳಕ್ಕೆ ಬರುವುದಿಲ್ಲವೇ?

ತರಲೇಬೇಕು, ಆದರೆ ತಯಾರಿಯಿಲ್ಲದೆ ತರಬಾರದು. ಆಫ್ರಿಕಾದ ಬರಕ್ಕೆ ಕಣ್ಣೀರಿಡುವುದು ಸುಲಭ. ತಂಜಾವೂರಿನ ರೈತನ ಮಾತನ್ನು ಮಂಡ್ಯದಲ್ಲಿ ಕೂತು ಪೂರ್ತಿ ಕೇಳಿಸಿಕೊಳ್ಳುವುದು ಕಷ್ಟ. 1991ರಲ್ಲಿ, ಮತ್ತೆ 2016ರಲ್ಲಿ ಈ ವಿವಾದದ ಹೆಸರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಡೆದ ಹಿಂಸೆಗೆ ಬಲಿಯಾದವರು ನೀರಿನ ತೀರ್ಮಾನ ಮಾಡುವವರಾಗಿರಲಿಲ್ಲ.

ಆರಂಭಕ್ಕೆ ಅಂಕಿಗಳಿರಲಿ. 2007ರ ನ್ಯಾಯಮಂಡಳಿ ತೀರ್ಪಿನಂತೆ ಕರ್ನಾಟಕ ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 192 ಟಿಎಂಸಿ ಅಡಿ ನೀರು ಬಿಡಬೇಕಿತ್ತು. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರನ್ನೂ ಪರಿಗಣಿಸಿ ಅದನ್ನು 177.25ಕ್ಕೆ ಇಳಿಸಿತು. ಮಳೆ ಚೆನ್ನಾಗಿ ಬಂದ ವರ್ಷ ವಿವಾದವೇ ಏಳುವುದಿಲ್ಲ, ಬರದ ವರ್ಷ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ ಎಂಬುದನ್ನು ಮಕ್ಕಳು ಈ ಅಂಕಿಗಳಿಂದ ಕಂಡುಕೊಳ್ಳಬಲ್ಲರು. ಆಮೇಲೆ ತರಗತಿಯನ್ನು ಎರಡು ಗುಂಪು ಮಾಡಿ, ಮಂಡ್ಯದ ರೈತರ ಮಕ್ಕಳಿಗೆ ತಂಜಾವೂರಿನ ಪರವಾಗಿ ವಾದ ಸಿದ್ಧಪಡಿಸಲು ಹೇಳಿ. ವಾದ ಚೆನ್ನಾಗಿದೆಯೇ ಎಂದು ತೀರ್ಮಾನಿಸುವ ಹಕ್ಕನ್ನು ಇನ್ನೊಂದು ಗುಂಪಿಗೆ ಕೊಡಿ.

ಪೋಷಕರನ್ನು ಆ ದಿನ ತರಗತಿಗೇ ಕರೆಯಿರಿ ಎನ್ನುವುದು ನನ್ನ ಸಲಹೆ. ಅವರಲ್ಲಿ ರೈತರಿದ್ದರೆ 2003ರಲ್ಲಿ ಎರಡೂ ರಾಜ್ಯಗಳ ರೈತರು ಸೇರಿ ಕಟ್ಟಿದ ಕಾವೇರಿ ಕುಟುಂಬದ ಬಗ್ಗೆ ತಿಳಿಸಿ. ಇಲ್ಲಿನವರು ಅಲ್ಲಿನ ಡೆಲ್ಟಾಕ್ಕೆ ಹೋಗಿ ಒಣಗಿದ ಕಾಲುವೆಗಳನ್ನು ನೋಡಿದರು, ಅಲ್ಲಿನವರು ಇಲ್ಲಿಗೆ ಬಂದು ನಮ್ಮ ಅಣೆಕಟ್ಟುಗಳನ್ನು, ಬೆಳೆಗಳನ್ನು ನೋಡಿದರು. ಒಪ್ಪಂದಕ್ಕೆ ಬರಲು ಅವರಿಂದ ಆಗಲಿಲ್ಲ, ಆದರೂ ವರ್ಷಗಟ್ಟಲೆ ಮಾತುಕತೆ ಬಿಡಲಿಲ್ಲ. ತಮಿಳುನಾಡಿನ ಡೆಲ್ಟಾದ ಒಂದು ಪ್ರೌಢಶಾಲೆಯ ವಿಳಾಸ ಹುಡುಕಿ, ನಿಮ್ಮ ತರಗತಿಯ ಮಕ್ಕಳು ತಮ್ಮೂರಿನ ನೀರಿನ ವರ್ಷವನ್ನು ವಿವರಿಸಿ ಅಲ್ಲಿನ ಮಕ್ಕಳಿಗೆ ಪತ್ರ ಬರೆಯಲಿ. ತಮಿಳಿಗೆ ಮಾಡಿಕೊಡುವವರು ನಿಮ್ಮೂರ ಆಸುಪಾಸಿನಲ್ಲೇ ಸಿಗುತ್ತಾರೆ.